ಟಾಪಿಗೆ ಬೇರೆ

ಡೈರಿ ಸರ್ಕಲ್ಲಿನಾಚೆ, ಚನ್ನಾಚಾರಿಯ ಗ್ಯಾರೇಜಿನ ಹಿಂದೆ
ಹುಣಸೆಮರದಡಿ ನಿಂತಿತ್ತು,
ತೊಂಬತ್ತೆಂಟರ ಜೀಪು, ಅರ್ಧ ಹಸಿರು, ಅರ್ಧ ಪ್ರೈಮರು.
‘ಒಂದು ಅರವತ್ತು. ಟಾಪಿಗೆ ಬೇರೆ.’

ಮೂರು ತಿಂಗಳಿಂದ ನೋಡಿದ ಬಿಚ್ಚುಚಾವಣಿ ಕಾರುಗಳಿಗೆಲ್ಲ
ಎರಡೇ ಸೀಟು, ಇಲ್ಲವೇ ನಮ್ಮ ಮನೆಯ ಬೆಲೆ.
ನಾವು ಐದು ಜನ.
ಅಮ್ಮನ ಮಂಡಿನೋವು ಸೇರಿಸಿದರೆ ಐದೂವರೆ.

ಶಶಿರೇಖಾ ಟಾರ್ಪಾಲಿನ ಅಂಚು ಹಿಡಿದು ತಿಕ್ಕಿ ನೋಡಿದಳು,
ರವಿಕೆ ಕಣ ಆರಿಸುವ ಹಾಗೆ.
‘ಹೊಲಿಗೆ ಬಿಟ್ಟಿದೆ. ಹತ್ತು ಇಳಿಸಿ.’
ಇಳಿಯಿತು. ಆಚಾರಿ ನಗಲಿಲ್ಲ.

ಸಾಲಗಾಮೆ ರಸ್ತೆಯಲ್ಲಿ ಓಡಿಸಿದೆ.
ಗೇರು ಸುಲಭಕ್ಕೆ ಬೀಳದು; ಬಿತ್ತೋ, ಅಬ್ಬಾ!
ಹಿಂದೆ ಬೆಂಚುಗಳ ಮೇಲೆ ಎದುರುಬದುರು ಕೂತ ಮಕ್ಕಳು
ಒಬ್ಬರ ಬಾಯೊಳಕ್ಕೊಬ್ಬರು ಕೂಗಿದರು,
ನಡುವೆ ಶಶಿ, ಕಾಲಡಿಯಲ್ಲಿ ಸ್ಟೆಪ್ನಿ.
ಮುಂದಿನ ಸೀಟಲ್ಲಿ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ,
ಒಂದು ಕೈ ತುರುಬಿನ ಮೇಲೆ, ಒಂದು ಸರಳಿನ ಮೇಲೆ.

ಏರು ಮುಗಿದಲ್ಲಿ ತುರುಬಿನ ಕೈ ತೆಗೆದಳು.
ಏನೋ ಅಂದಳು, ಗಾಳಿಗೆ ಕೇಳಲಿಲ್ಲ.
ಪಕ್ಕಕ್ಕೆ ಹಾಕಿದೆ.
‘ಏನಮ್ಮಾ?’
‘ನಿಲ್ಲಿಸಬೇಡ ಅಂದೆ.’

ಟಾಪು ಹೊಲಿಯಲು ದಪ್ಪ ದಾರ ತಂದಿಟ್ಟು
ವಾರವಾಯಿತು.
ಸೂಜಿ ಯಾರೂ ಹುಡುಕಿಲ್ಲ.