ಚೂಪು ಮೂತಿಯ ಜೋಡು

ಕೈ ಹಾಕು ನಬೋರ್, ಮಣಿಕಟ್ಟಿನ ತನಕ.
ಅವಸರ ಬೇಡ. ಕಣ್ಣು ಮುಚ್ಚಿಕೋ.
ಒಳಗೆ ಎಲ್ಲಾದರೂ ಹೊಲಿಗೆ ತಡೆಯುತ್ತದೆಯೇ,
ಅಂಟಿನ ಗಂಟು, ಮಡಿಚಿಕೊಂಡ ಅಸ್ತರಿನ ಅಂಚು,
ಸಾಸಿವೆಯಷ್ಟು ಏನಾದರೂ?
ಇದನ್ನು ಮೆಟ್ಟುವವಳ ಅಂಗಾಲಿಗೆ
ಸುದ್ದಿ ಮುಟ್ಟುವುದಿಲ್ಲ.
ಅವಳ ಪರವಾಗಿ ನೋಯಬೇಕಾದದ್ದು
ನಿನ್ನ ಬೆರಳು.

ದೋನ್ಯಾ ಒತೀಲಿಯಾ. ಗೊತ್ತಲ್ಲ,
ಬಸ್ ನಿಲ್ದಾಣದ ಮೂಲೆಯಲ್ಲಿ ಗ್ವಾಕಮಾಯಾ ಮಾರುವವಳು:
ಬೋಲಿಯೊ ಬ್ರೆಡ್ಡು ಸೀಳಿ, ಗರಿಗರಿ ಹಂದಿತೊಗಲು ತುರುಕಿ,
ಕಣ್ಣಲ್ಲಿ ನೀರು ಬರುವ ಹಾಗೆ ಖಾರ ಸುರಿದು.
ನೀನೂ ತಿಂದಿದ್ದೀಯ, ಸಾಲ ಹೇಳಿ.
ಮೂವತ್ತೊಂದು ವರ್ಷ ಒಂದೇ ಕಡೆ ನಿಂತ ಕಾಲು.

ಹೋದ ಆಗಸ್ಟಿನಲ್ಲಿ
ಸೋಡಾ ಬಾಟಲಿಯ ಮುಚ್ಚಳವೊಂದು ಷೂ ಒಳಗೆ ಬಿತ್ತು.
ಮೂರು ದಿನ ಅದರ ಮೇಲೇ ನಿಂತು ಚಿಲ್ಲರೆ ಎಣಿಸಿದಳು.
ಮೂರನೆಯ ರಾತ್ರಿ ನಾಯಿ ಬಂದು
ಕಾಲುಚೀಲ ನೆಕ್ಕತೊಡಗಿದಾಗ ತಿಳಿದದ್ದು.
ಜೋಡು ಕಚ್ಚಿತು ಅನ್ನುತ್ತೇವಲ್ಲ,
ನಿಜಕ್ಕೂ ಕಚ್ಚಿತ್ತು. ನರ್ಸು ಎಣಿಸಿದಳಂತೆ:
ಇಪ್ಪತ್ತೊಂದು ಹಲ್ಲು.
ಕಿರುಬೆರಳೂ ಅದರ ಪಕ್ಕದ್ದೂ
ಆಸ್ಪತ್ರೆಯಲ್ಲೇ ಉಳಿದವು.

ಪೆಟ್ಟಿಗೆಯ ಮೆತ್ತನೆ ಫೋಮಿನಲ್ಲಿ ಪಾದ ಒತ್ತಿಸಿ
ಅಚ್ಚು ತೆಗೆದೆ. ಎಡಕ್ಕೂ ಬಲಕ್ಕೂ
ಈಗ ದೂರದ ನೆಂಟಸ್ತನ ಅಷ್ಟೇ;
ಆದರೂ ಜೋಡು ಅನ್ನಲೇಬೇಕು.
ಹೆಬ್ಬೆರಳ ಬುಡದಲ್ಲಿ, ಭಾರ ಕೂರುವಲ್ಲಿ,
ಎರಡು ಮಿಲಿಮೀಟರ್ ತಗ್ಗು.
ಅಟ್ಟೆ ದೋಣಿಯ ತಳದಂತೆ ಬಾಗಿ
ಕಾಲನ್ನು ತಾನೇ ಮುಂದಕ್ಕೆ ದಾಟಿಸಬೇಕು.
ಇಲ್ಲದ ಬೆರಳುಗಳ ಜಾಗಕ್ಕೆ ಮೆತ್ತೆ ತುಂಬಿದೆ,
ತುಂಬದಿದ್ದರೆ ಇರುವವು ಅತ್ತ ವಾಲುತ್ತವೆ.
ಖಾಲಿ ಜಾಗ ಕಂಡರೆ ಯಾರಾದರೂ ಅಷ್ಟೇ.

ಮಾದರಿ ನೋಡಿ ಅವಳು ನಕ್ಕಳು.
‘ಇದು ಜೋಡಲ್ಲ ಮಾರಾಯ, ಬೋಲಿಯೊ.
ಹಂದಿತೊಗಲು ತುಂಬಿ ಮಾರಲೇ?’
ಶನಿವಾರ ತಂಗಿಯ ಮಗಳು ಹಸಿಂತಾಳ ಮದುವೆ.
‘ಚೂಪು ಬೇಕು ನನಗೆ. ಹೀಗೆ’ ಎಂದು
ಪತ್ರಿಕೆಯಲ್ಲಿ ಸುತ್ತಿದ್ದನ್ನು ಬಿಚ್ಚಿದಳು:
ಕೆಂಪು, ಮೂತಿ ಸೂಜಿಯ ಹಾಗೆ, ಎಂಬತ್ತೊಂಬತ್ತರದ್ದು.
ಅಟ್ಟೆಯ ಮೇಲೆ ನನ್ನದೇ ಮುದ್ರೆ.

ಆಗ ಇಡೀ ಲೆಯೋನ್ ಚೂಪಾಗಿತ್ತು.
ದಿನಕ್ಕೆ ನಲವತ್ತು ಜೋಡಿ ಈ ಬಾಗಿಲಿಂದ ಹೋಗುತ್ತಿದ್ದವು.
ಐದು ಬೆರಳನ್ನು ಮೂರರ ಜಾಗಕ್ಕೆ ತುರುಕುವುದಕ್ಕೆ
ಸೊಗಸು ಎಂದು ಹೆಸರಿಟ್ಟಿದ್ದೆವು.
ಒಳಗೆ ನೋಡಿದೆ: ಕಿರುಬೆರಳು ಉಜ್ಜಿ ಉಜ್ಜಿ
ಕಪ್ಪಾದ ಒಂದು ಕಲೆ.
ಸಕ್ಕರೆ ನಾನು ತಿನ್ನಿಸಿದ್ದಲ್ಲ, ಸರಿ.
ಆದರೂ ಆ ರಾತ್ರಿ, ಆಗಲೇ ಹರಿತವಾಗಿದ್ದ ರಂಪಿಗೆಯನ್ನು
ಬಹಳ ಹೊತ್ತು ಮಸೆಯುತ್ತ ಕೂತಿದ್ದೆ.

ಈಗ ಅದನ್ನು ಕಿಟಕಿಯ ಮೇಲಿಟ್ಟು
ಆರು ಹೆಜ್ಜೆ ಹಿಂದಕ್ಕೆ ಬಾ.
ಅಂಚಿಗೆಲ್ಲ ಕಪ್ಪು ತೊಗಲು, ನಡುವೆ ಕೆಂಪು
ಕಿರಿದಾಗುತ್ತ, ಕಿರಿದಾಗುತ್ತ,
ಅಗೋ, ಚೂಪು!
ಹತ್ತಿರ ಹೋದರೆ ಸುಳ್ಳು:
ಕಪ್ಪಿನೊಳಗೆ ಬೆರಳುಗಳು ಕಾಲು ಚಾಚಿ ಮಲಗಬಹುದು.
ಮದುವೆಮನೆಯಲ್ಲಿ ಬಗ್ಗಿ ನೋಡುವವರು ಯಾರು,
ಕುಡಿದು ಬಿದ್ದ ಭಾವಂದಿರ ಹೊರತು?

ಆದರೆ ಈ ಅಲಂಕಾರದ ಹೊಲಿಗೆ
ಹೊರಪದರದಲ್ಲೇ ಓಡಿ ಹೊರಪದರದಲ್ಲೇ ನಿಲ್ಲಬೇಕು.
ಸೂಜಿ ಅಸ್ತರನ್ನು ಮುಟ್ಟಿದರೆ
ನಮ್ಮ ಸೊಗಸು ಮತ್ತೆ ಅವಳ ಕಾಲಿಗೇ.
ಅದಕ್ಕೇ ಹೇಳಿದ್ದು, ಕೈ ಹಾಕು,
ಈ ಮುದಿ ಬೆರಳು ನಲವತ್ತು ವರ್ಷ ಮೇಣ, ಮೊಳೆ ತಿಂದು
ಮರವಾಗಿದೆ, ನನಗೆ ಎಲ್ಲವೂ ನುಣುಪು.

ಏನು? ತಾಕಿತೇ?
ಎಲ್ಲಿ, ತುದಿಯಲ್ಲೇ? ಎಷ್ಟು?
ಒಂದೇ ಒಂದು ಹೊಲಿಗೆಯೇ?

ಬಿಚ್ಚು. ಪೂರ್ತಿ ಬಿಚ್ಚು.
ಇವತ್ತಿನ್ನೂ ಗುರುವಾರ.