ಒಗೆದಂತೆಲ್ಲ

ಎಡಿರ್ನೆಯ ಶುಕ್ರವಾರದ ಸಂತೆಯಲ್ಲಿ
ಟವೆಲು ಮಾರುವವಳು ನಾನು, ಸಬಹಾತ್.
ನನ್ನ ಮೇಜಿನಿಂದ ಗ್ರೀಸಿನ ಗಡಿ ಏಳು ಕಿಲೋಮೀಟರು,
ಬಲ್ಗೇರಿಯಾ ಇಪ್ಪತ್ತಕ್ಕೆ ಒಂದೆರಡು ಕಡಿಮೆ.
ಗಾಳಿ ಆ ಕಡೆಯಿಂದ ಬೀಸಿದರೆ
ಅವರು ಹುಲ್ಲು ಸುಟ್ಟ ಹೊಗೆ ನನ್ನ ಬಿಳಿ ಟವೆಲುಗಳಿಗೆ ಮೆತ್ತುತ್ತದೆ,
ಅದಕ್ಕೆ ವೀಸಾ ಬೇಡ.

ಮದುವೆಯಾದ ವರ್ಷ ತಾಹ್ಸಿನ್ ಹೇಳಿದ್ದ:
ಒಮ್ಮೆ ಬೇರೆಯವರ ದೇಶದಲ್ಲಿ ನಿನಗೆ ಚಹಾ ಕುಡಿಸುತ್ತೇನೆ.
ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದ,
ಅವೇ ಹದಿನಾಲ್ಕು ನಿಲ್ದಾಣಗಳ ನಡುವೆ.
ಪಿಂಚಣಿ ಶುರುವಾದ ಮೇಲೆ
ಮೊಮ್ಮಗಳ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಗೆ
ಊರುಗಳ ಪಟ್ಟಿ ಬರೆಯತೊಡಗಿದ.

ರೋಮ್: ಗೆರೆ.
ಅಥೆನ್ಸ್: ವೀಸಾದ ದುಡ್ಡಿಗೆ ಎರಡು ತಿಂಗಳ ಗ್ಯಾಸು ಬರುತ್ತದೆ; ಗೆರೆ.
ಸರಾಯೆವೊ: ವೀಸಾ ಬೇಡ,
ಆದರೆ ಬಸ್ಸಿನ ದಾರಿ ಬೇರೆಯವರ ಅಂಗಳ ಹಾದು ಹೋಗುತ್ತದೆ;
ಗೆರೆ ಎಳೆಯಲು ಮನಸ್ಸಾಗದೆ ಚುಕ್ಕಿ ಇಟ್ಟ.
ಸೋಮವಾರ ಕೂಡಿದ್ದು ಗುರುವಾರಕ್ಕೆ ತಾಳೆಯಾಗದು.
ಪೆನ್ಸಿಲಿನಲ್ಲೇ ಬರಿ ಅಂದೆ,
ನಮ್ಮ ಲಿರಾಕ್ಕೆ ಶಾಯಿಯ ಮರ್ಯಾದೆ ಯಾಕೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಅತ್ತೆ.
ಚಾಚಿದವರು ಯಾರು? ಮಡಿಸಿಕೊಂಡೇ ಮಲಗಿದ್ದೇವೆ.
ಹಾಸಿಗೆಯೇ ಒಗೆದಂತೆಲ್ಲ ಕುಗ್ಗಿದರೆ
ಕಾಲನ್ನು ಎಲ್ಲಿ ತೆಗೆದಿಡುವುದು?

ಸ್ವಿಲೆನ್‌ಗ್ರಾಡಿನ ಸ್ತೊಯಾಂಕಾ ನನ್ನ ಖಾಯಂ ಗಿರಾಕಿ.
ಆರು ಟವೆಲು, ಹಲ್ಲುನೋವಿನ ಮಾತ್ರೆ, ಡಬ್ಬಿಗಟ್ಟಲೆ ಚೀಸು,
ಹೊರಡುವ ಮುಂಚೆ ಕರಿದ ಲಿವರಿನ ಊಟ.
‘ಇಲ್ಲಿ ಎಲ್ಲ ಎಷ್ಟು ಅಗ್ಗ, ಸಬಹಾತ್!’ ಅನ್ನುತ್ತಾಳೆ.
ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಏನೂ ಇಲ್ಲ.
ಆ ‘ಎಲ್ಲ’ದೊಳಗೆ ನಾನೂ ನಿಂತಿದ್ದೇನೆಂದು
ಅವಳಿಗೆ ಹೊಳೆಯುವುದಿಲ್ಲ.
ನನಗೆ ಹೊಳೆಯುತ್ತದೆ. ಯಾಕೆಂದರೆ
ತೊಂಬತ್ತೊಂದರಲ್ಲಿ ಇದೇ ಚೌಕದಲ್ಲಿ
ಅವಳ ತಾಯಿ ಸೂಟ್‌ಕೇಸು ತೆರೆದು ಕೂತಿದ್ದಳು
(ಅವಳ ತಾಯಿಯೇ ಇರಬೇಕು, ನಾನು ಕೇಳಿಲ್ಲ):
ಗುಲಾಬಿ ಎಣ್ಣೆಯ ಸೀಸೆ, ಒಂದು ಇಕ್ಕಳ, ಮೇಜಿನ ಗಡಿಯಾರ.
ಹೊಸ ಮದುಮಗಳು ನಾನು, ಗಡಿಯಾರವನ್ನು ಅರ್ಧಕ್ಕೆ ಇಳಿಸಿದೆ,
ಅರ್ಧವನ್ನು ಇನ್ನೊಮ್ಮೆ ಅರ್ಧ ಮಾಡಿದೆ.
ಅಡುಗೆಮನೆಯಲ್ಲಿ ಅದು ಇನ್ನೂ ಓಡುತ್ತಿದೆ,
ದಿನಕ್ಕೆ ನಾಲ್ಕು ನಿಮಿಷ ಹಿಂದೆ.

ಕೊನೆಗೆ ಗೆರೆ ಬೀಳದೆ ಉಳಿದದ್ದು ಬಾತುಮಿ.
ಗುರುತಿನ ಚೀಟಿ ಸಾಕು, ಪಾಸ್‌ಪೋರ್ಟಿನ ಖರ್ಚು ಉಳಿಯಿತು.
ಏಳು ಕಿಲೋಮೀಟರಿನ ವಿದೇಶಕ್ಕೆ ಬೆನ್ನು ಹಾಕಿ
ಇಡೀ ಸ್ವದೇಶವನ್ನು ದಾಟಿದೆವು, ಸಾವಿರದೈನೂರು ಕಿಲೋಮೀಟರು,
ಎರಡು ರಾತ್ರಿ, ಮೂರು ಬಸ್ಸು,
ಬೇಯಿಸಿದ ಮೊಟ್ಟೆ, ಆಲಿವ್, ಕಲ್ಲಾಗುತ್ತ ಹೋದ ಬ್ರೆಡ್ಡು.
ಬೇರೆಯವರು ಓಡಿಸುವಾಗ ತಾಹ್ಸಿನ್‌ಗೆ ನಿದ್ದೆ ಬಾರದು;
ತಿರುವು ತಿರುವಿಗೂ ಬಲಗಾಲಿನಿಂದ
ಇಲ್ಲದ ಬ್ರೇಕನ್ನು ಒತ್ತುತ್ತಿದ್ದ.
ಸಾರ್ಪಿಯಲ್ಲಿ, ನಮ್ಮದೇ ಹೊಸಿಲು ದಾಟಲಿಕ್ಕೂ ಸುಂಕ.

ಅಲ್ಲಿಯವರ ಹಣವೂ ನಮ್ಮದಕ್ಕಿಂತ ದಪ್ಪ.
ಒಂದೇ ಚಹಾ ತರಿಸಿದೆವು, ಇಬ್ಬರಿಗೆ.
ಅವನು ಮಾತು ಉಳಿಸಿಕೊಂಡ,
ಸಕ್ಕರೆಯ ಎರಡೂ ತುಂಡು ನನಗೇ ಕೊಟ್ಟ.

ಮರುದಿನ, ಸಮುದ್ರದ ಹಿಂದಿನ ಬೀದಿಯಲ್ಲಿ,
ಲಾಮಾರಾ ಎಂಬವಳ ಅಂಗಡಿ.
ನಮ್ಮ ದೆನಿಜ್ಲಿಯ ಟವೆಲು! ನನ್ನ ಬೆಲೆಯ ಮೂರು ಪಟ್ಟು.
ನಾಲಿಗೆಯ ತುದಿಗೆ ಅರ್ಧ ಬಂದು ಕೂತಿತ್ತು.
ಅವಳು ಅಂಚಿಗೆ ಅಂಚು ಕೂಡಿಸಿ, ಗದ್ದದಡಿ ಸಿಕ್ಕಿಸಿ
ಮಡಿಸುತ್ತಿದ್ದಳು. ನಾನೂ ಹಾಗೆಯೇ.
ಈ ಕಸುಬಿನವರಿಗೆ ಗದ್ದವೇ ಮೂರನೆಯ ಕೈ.
ಹೇಳಿದಷ್ಟೂ ಎಣಿಸಿ ಕೊಟ್ಟೆ.

ತಾಹ್ಸಿನ್ ರಸ್ತೆಯ ನಡುವೆ ನಿಂತುಬಿಟ್ಟ:
ಇಷ್ಟು ದೂರ ಬಂದು ಟವೆಲು ಕೊಂಡೆಯಾ?
ಗಡಿಯಾರದ ಬಾಕಿ, ಅಂದೆ.
ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.
ಸಂಜೆ, ಮೊಣಕಾಲಿನವರೆಗೆ ನೀರಿಗಿಳಿದು
ನಡುಗುತ್ತ ದಡಕ್ಕೆ ಬಂದವನು
ಕೈ ಚಾಚಿ
ಅದನ್ನೇ ಕೇಳಿದ.