ಗುರಿ ತಪ್ಪಿದ ಪೆಟ್ಟು

ಬಕೆಟ್ಟಿನಲ್ಲಿ ನಲವತ್ಮೂರು ಇದ್ದವು.
ಸ್ಕೋಗ್ಲಂಡ್ ಎಣಿಸಿಯೇ ಕೊಟ್ಟ, ಮೊಟ್ಟೆ ಎಣಿಸುವವನ ಹಾಗೆ.
"ಕದ್ದದ್ದಲ್ಲ," ಅಂದ. "ಕಂಬಿ ಕಿತ್ತ ವರ್ಷ
ಕೂಲಿಯ ಜೊತೆಗೆ ಕಂಪನಿ ಕೊಟ್ಟ ಕಸ."
ಮಾಂಟಾನಾದ ಈ ಬಯಲಿನಲ್ಲಿ ಈಗ ಹಳಿಯಿಲ್ಲ.
ಹಳಿಯಿದ್ದ ಕಡೆ ಒಂದು ಉದ್ದನೆಯ ದಿಣ್ಣೆ,
ಅದರ ಮೇಲೆ ಜಿಂಕೆಗಳ ಓಡಾಟ, ವೇಳಾಪಟ್ಟಿ ಇಲ್ಲದೆ.

ನಾನು ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ನನಗೆ ಗೊತ್ತಿದ್ದದ್ದು ಸ್ಟಿಯರಿಂಗು, ಗೇರು,
ಹಿಂದಿನ ಸೀಟಿನ ಗಲಾಟೆಗೆ ಕನ್ನಡಿಯಲ್ಲೊಂದು ನೋಟ.
ಸುತ್ತಿಗೆ ಹಿಡಿದ ಮೊದಲ ದಿನ
ನನ್ನದೇ ಮಣಿಕಟ್ಟು, ನೀನ್ಯಾರೇ, ಎಂದಿತು.

ಕಾದಾಗ ಬಡಿ ಎನ್ನುತ್ತಾರೆ ಎಲ್ಲರೂ.
ಎಷ್ಟು ಹೊತ್ತು ಕಾದಿರುತ್ತದೆ ಎಂದು ಯಾರೂ ಹೇಳುವುದಿಲ್ಲ.
ಕುಲುಮೆಯಿಂದ ಅಡಿಗಲ್ಲಿಗೆ ಮೂರು ಹೆಜ್ಜೆ.
ಮೊದಲ ಹೆಜ್ಜೆಗೆ ಕಿತ್ತಳೆ,
ಎರಡಕ್ಕೆ ಚೆರ್ರಿ,
ಇಕ್ಕಳ ಸರಿಪಡಿಸಿಕೊಳ್ಳುವಷ್ಟರಲ್ಲಿ
ಮತ್ತದೇ ಮೊಳೆ, ಕಪ್ಪಗೆ, ಮುಖ ತಿರುಗಿಸಿಕೊಂಡು.

ಮೊದಲನೆಯದು ಬಾಳೆಹಣ್ಣಾಯಿತು.
ಎರಡನೆಯದನ್ನು ಬೆಂಕಿಯಲ್ಲಿ ಮರೆತೆ; ಫೋನು ಬಂದಿತ್ತು, ತಂಗಿಯದು.
ಅವಳು ಗಂಡನ ಮಂಡಿಯ ಕಥೆ ಮುಗಿಸುವ ಹೊತ್ತಿಗೆ
ಕಬ್ಬಿಣ ಮತಾಪಿನ ಹಾಗೆ ಕಿಡಿ ಉಗುಳುತ್ತಿತ್ತು.
ಮೂರನೆಯದು ನೆಟ್ಟಗಿತ್ತು, ಅಂಚು ತೆಗೆಯುವವರೆಗೆ.
ಅಂಚು ತೆಳುವಾದಷ್ಟೂ ಅಲಗು ಹಿಂದಕ್ಕೆ ಬಾಗುತ್ತದೆ,
ಹೊಗಳಿಸಿಕೊಂಡವನ ಬೆನ್ನಿನ ಹಾಗೆ.
"ಮೊದಲೇ ಎದುರು ದಿಕ್ಕಿಗೆ ಬಗ್ಗಿಸಿಕೊ," ಅಂದ ಮುದುಕ,
"ಆಮೇಲೆ ಬಡಿ. ತಾನೇ ನೆಟ್ಟಗಾಗುತ್ತದೆ."
ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದೆ.
"ಹೇಳಿದ್ದೆ."

ಏಳನೆಯದು ಚಾಕು.
ಹಿಡಿಯನ್ನು ಚೌಕವಾಗಿಯೇ ಬಿಟ್ಟು ಎರಡು ಸುತ್ತು ತಿರುಚಿದೆ,
ಒದ್ದೆ ಬಟ್ಟೆ ಹಿಂಡುವ ಹಾಗೆ. ಅದೊಂದು ಮಾತ್ರ
ಕೈಗೆ ಮೊದಲೇ ಗೊತ್ತಿದ್ದ ಕೆಲಸ.
ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ
ಡೋನಟ್ ಅಂಗಡಿಯ ಹಳೆ ಎಣ್ಣೆಯಲ್ಲಿ ಅದ್ದಿದೆ.
ಭುಸ್ಸೆಂದಿತು. ಮೂರು ದಿನ ನನ್ನ ಕೂದಲಲ್ಲಿ ಸಕ್ಕರೆಯ ಘಮ.

ಸಾಣೆ ಹಿಡಿದೆ. ಒಂದು ಟೊಮೆಟೊ, ಎರಡು,
ಹುಲ್ಲಿನ ಕಂತೆಯ ಹುರಿ ಐದು,
ಆರನೆಯ ಹುರಿಗೆ ಬಾಯಿ ಮೊಂಡು.
ಮತ್ತೆ ಸಾಣೆ. ಮತ್ತೆ ಮೊಂಡು.
ಹದ ತಪ್ಪಿದ್ದು ನನ್ನಿಂದಲೇ ಎಂದುಕೊಂಡು
ರಾತ್ರಿಯೆಲ್ಲ ಎಣ್ಣೆಯನ್ನು ಬೈದೆ.

ಸ್ಕೋಗ್ಲಂಡ್ ಹೆಬ್ಬೆರಳಿನಿಂದ ಅಂಚು ಸವರಿ ನಕ್ಕ.
"ಇದರೊಳಗೆ ಅಷ್ಟು ಗಡಸು ಇಲ್ಲವೇ ಇಲ್ಲ, ಓರ್ಲಾ. ಇರಬಾರದು.
ಗೂಡ್ಸು ಹೋಗುವಾಗ ಹಳಿ ಏಳುತ್ತದೆ, ಕೂರುತ್ತದೆ,
ಮೊಳೆ ಅದರ ಜೊತೆ ಕೂದಲೆಳೆಯಷ್ಟು ಬಾಗಬೇಕು.
ಬಿರುಸು ಮೊಳೆ ಮೊದಲ ಜನವರಿಗೇ ಕುತ್ತಿಗೆ ಮುರಿದುಕೊಳ್ಳುತ್ತದೆ.
ಅಂಥವನ್ನೂ ಹೆಕ್ಕಿದ್ದೇನೆ."
ಅವನ ಎಡಗೈಯ ಎರಡು ಬೆರಳು ಎಲ್ಲಿ ಹೋದವೆಂದು
ನಾನು ಕೇಳಿಲ್ಲ. ಅವನು ಹೇಳಿಲ್ಲ.

ಇವತ್ತು ಹಿಡಿಯ ತುದಿಯ ತಲೆಯನ್ನು ಉಜ್ಜಲು ಕೂತೆ,
ತುಕ್ಕು ಹೋಗಿ ಹೊಳೆಯಲಿ ಎಂದು.
ತಂತಿ ಬ್ರಷ್ಷಿನ ಕೆಳಗೆ, ಒಂದು ಮಗ್ಗುಲಲ್ಲಿ,
ಉಗುರಿನ ಬುಡದ ಚಂದ್ರನಷ್ಟು ತಗ್ಗು.
ನನ್ನ ಸುತ್ತಿಗೆಯದಲ್ಲ: ನಾನು ತಲೆಯ ತಂಟೆಗೇ ಹೋಗಿಲ್ಲ.
ಯಾರೋ ಎತ್ತಿದ್ದಾನೆ, ಗುರಿ ತಪ್ಪಿದ್ದಾನೆ,
ಪಕ್ಕದವನು ಏನೋ ಅಂದಿದ್ದಾನೆ, ಯಾವ ಭಾಷೆಯಲ್ಲೋ,
ಮತ್ತೆ ಎತ್ತಿದ್ದಾನೆ.
ನಡುವೆ ಬಿದ್ದ ಪೆಟ್ಟುಗಳೆಲ್ಲ ಒಂದಕ್ಕೊಂದು ಬೆರೆತು ನುಣುಪಾಗಿವೆ.
ಇದೊಂದೇ ಇನ್ನೂ ಬೇರೆ.

ಅರವನ್ನು ಕೆಳಗಿಟ್ಟೆ.

ಚಾಕು ಈಗ ಅಡುಗೆಮನೆಯಲ್ಲಿ, ಬೆಣ್ಣೆಗೆ,
ಕರೆಂಟು ಬಿಲ್ಲಿನ ಲಕೋಟೆಗೆ. ಅಷ್ಟಕ್ಕೆ ಸಾಕಷ್ಟು ಹರಿತ.
ಬಕೆಟ್ಟಿನಲ್ಲಿ ಮೂವತ್ತಾರು ಉಳಿದಿವೆ.
ಎಂಟನೆಯದನ್ನು ಬೆಂಕಿಗಿಡುವ ಮೊದಲು
ತಲೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ.
ಒಳಗೆ ಫೋನು ಬಡಿದುಕೊಳ್ಳುತ್ತಿದೆ.
ತಂಗಿಯೇ ಇರಬೇಕು. ಇನ್ನೊಂದು ಮಂಡಿ.